ಏನಾಗಿತ್ತು ಅಂತ ಕೇಳ್ತೀರಿ, ಹೇಗಿದ್ದಳು ಅಂತ ಕೇಳಿ

ಮಗು ತೀರಿಕೊಂಡ ಮನೆಗೆ ಬಂದವರು ಏನೇನು ಕೇಳ್ತಾರೆ ಅನ್ನೋದು ನನಗೀಗ ಬಾಯಿಪಾಠ. ಏನಾಗಿತ್ತು? ಯಾವಾಗ ಗೊತ್ತಾಯ್ತು? ಮೊದಲೇ ಗೊತ್ತಾಗಲಿಲ್ವಾ? ಯಾವ ಆಸ್ಪತ್ರೆ? ಎಷ್ಟು ಖರ್ಚಾಯ್ತು? ಇನ್ನೊಬ್ಬ ಡಾಕ್ಟರಿಗೆ ತೋರಿಸಬಹುದಿತ್ತಲ್ವಾ? ಕೊನೇಲಿ ಪ್ರಜ್ಞೆ ಇತ್ತಾ?

ಏಳು ವರ್ಷದಿಂದ ಈ ಪ್ರಶ್ನೆಗಳಿಗೆ ಉತ್ತರ ಹೇಳ್ತಾ ಬಂದಿದ್ದೀನಿ. ಮದುವೆ ಮನೆಗಳಲ್ಲಿ ಹೇಳಿದ್ದೀನಿ, ಬ್ಯಾಂಕಿನ ಕ್ಯೂನಲ್ಲಿ ನಿಂತು ಹೇಳಿದ್ದೀನಿ, ಫೋನಿನಲ್ಲಿ ಹೇಳಿದ್ದೀನಿ. ಕೇಳಿದವರು ಕೆಟ್ಟವರಲ್ಲ. ಎಷ್ಟೋ ಜನ ಕಣ್ಣೊರೆಸಿಕೊಂಡೇ ಕೇಳಿದ್ದಾರೆ. ಆದರೆ ಎಲ್ಲ ಕೇಳಿ ಎದ್ದು ಹೋಗುವಾಗ ಅವರಿಗೆ ನನ್ನ ಮಗಳ ಬಿಳಿ ರಕ್ತಕಣ ಎಷ್ಟಿತ್ತು ಅಂತ ಗೊತ್ತಿರುತ್ತೆ, ನನ್ನ ಮಗಳು ಯಾರು ಅಂತ ಗೊತ್ತಿರೋದಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಕಾಯಿಲೆಯಿಂದ ಹೋದ ಮಗುವನ್ನ ನಾವು ಕಾಯಿಲೆಯ ಮೂಲಕವೇ ನೆನಪಿಟ್ಟುಕೊಳ್ತೀವಿ, ಅಥವಾ ನೆನಪೇ ಬೇಡ ಅಂತ ಪೂರ್ತಿ ಮುಚ್ಚಿಡ್ತೀವಿ. ಎರಡೂ ತಪ್ಪು. ಆ ಮಗು ಬದುಕಿದ್ದಾಗ ಹೇಗಿತ್ತು ಅನ್ನೋದನ್ನ ಕೇಳಬೇಕು, ಹೇಳಬೇಕು, ಸಾಧ್ಯವಾದರೆ ಬರೆದಿಡಬೇಕು.

ಬರೆಯೋರಿಗೇ ಇದನ್ನ ಹೇಳ್ತಿರೋದಕ್ಕೆ ಕಾರಣ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಒಂದು ಮಾತು. ನನ್ನ ಮಗಳಿಗೆ ಬಂದಿದ್ದು ಲ್ಯುಕೇಮಿಯಾ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳೋ ಜಾತಿಯದ್ದು. ಒಳ್ಳೆ ಚಿಕಿತ್ಸೆ ಸಿಗೋ ಶ್ರೀಮಂತ ದೇಶಗಳಲ್ಲಿ ಇವತ್ತು ಈ ಕಾಯಿಲೆ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿದುಕೊಳ್ತಾರೆ. ನಮ್ಮಲ್ಲೂ ಗುಣವಾಗಿ ಕಾಲೇಜಿಗೆ ಹೋಗ್ತಿರೋ ಮಕ್ಕಳನ್ನ ನಾನೇ ನೋಡಿದ್ದೀನಿ. ನಿಮ್ಮ ಮನೆಯಲ್ಲಿ ಯಾವುದಾದರೂ ಮಗು ಈಗ ಚಿಕಿತ್ಸೆಯಲ್ಲಿದ್ದರೆ ದಯವಿಟ್ಟು ನನ್ನ ಬರಹ ಓದಿ ಎದೆಗುಂದಬೇಡಿ. ನಮಗೆ ಆದದ್ದು ಎಲ್ಲರಿಗೂ ಆಗೋದಲ್ಲ. ಕಾಯಿಲೆಯ ಬಗ್ಗೆ ಇಷ್ಟು ಸಾಕು.

ನಮ್ಮ ಅತ್ತೆಯ ಅಮ್ಮನಿಗೆ ಹನ್ನೊಂದು ಹೆರಿಗೆ ಆಗಿತ್ತಂತೆ. ಉಳಿದಿದ್ದು ಆರು ಮಕ್ಕಳು. ಹೋದ ಐದರ ಹೆಸರು ಕೇಳಿದರೆ ನಮ್ಮ ಅತ್ತೆಗೂ ಗೊತ್ತಿಲ್ಲ. "ಒಂದಕ್ಕೆ ಸಿಡುಬು, ಎರಡಕ್ಕೆ ಜ್ವರ, ಒಂದು ಹುಟ್ಟಿದ ಹತ್ತನೇ ದಿನ, ಇನ್ನೊಂದು ಏನೋ..." ಅಂತಾರೆ. ನೋಡಿ, ಅಲ್ಲೂ ಉಳಿದಿರೋದು ಕಾಯಿಲೆಯ ಹೆಸರೇ!

ಆಗಿನ ಕಾಲಕ್ಕೆ ಅದು ಹೊಸದೇನಲ್ಲ. 1971ರಲ್ಲಿ ಕೂಡ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬ ನೋಡ್ತಿರಲಿಲ್ಲ. ಅಂದರೆ ಎಂಟಕ್ಕೆ ಒಂದು. ಹಿಂದಿನ ತಲೆಮಾರುಗಳಲ್ಲಿ ಇನ್ನೂ ಹೆಚ್ಚು. ಅಷ್ಟು ಸಾವು ಎದುರಿಗಿದ್ದಾಗ ಜನ ತಮ್ಮ ರಕ್ಷಣೆಗೆ ಏನೇನೋ ದಾರಿ ಹುಡುಕಿಕೊಂಡರು. ಎರಡು ವರ್ಷ ತುಂಬದ ಮಗುವಿಗೆ ಅಗ್ನಿಸಂಸ್ಕಾರ ಬೇಡ, ಊರ ಹೊರಗೆ ಮಣ್ಣು ಮಾಡಿ ಅಂತ ಮನುಸ್ಮೃತಿಯಲ್ಲೇ ಇದೆ. ತಿಥಿ ಇಲ್ಲ, ಪಕ್ಷ ಇಲ್ಲ. ವರ್ಷಕ್ಕೊಮ್ಮೆ ಹೆಸರು ಹೇಳೋದಕ್ಕೂ ಒಂದು ನೆಪ ಇಲ್ಲ.

ನಮ್ಮ ಊರುಗಳಲ್ಲಿ ತಿಪ್ಪಣ್ಣ, ತಿಪ್ಪಯ್ಯ, ತಿಪ್ಪಮ್ಮ ಅನ್ನೋ ಹೆಸರುಗಳಿವೆಯಲ್ಲ, ಅವು ಎಲ್ಲಿಂದ ಬಂದವು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಮೇಲಿಂದ ಮೇಲೆ ಮಕ್ಕಳು ಹೋದ ಮನೆಯಲ್ಲಿ ಮುಂದೆ ಹುಟ್ಟಿದ ಮಗುವನ್ನ ತಿಪ್ಪೆ ಮೇಲೆ ಹೊರಳಿಸಿ ಎತ್ತಿಕೊಳ್ತಿದ್ದರು. ಇದು ಕಸ, ಇದು ನಿನಗೆ ಬೇಡ ಅಂತ ಸಾವಿಗೆ ಹೇಳೋ ಉಪಾಯ. ಎಂಥ ಭಯ ಇದ್ದಿರಬೇಕು ಆ ತಾಯಿಗೆ! ಪ್ರತಿಯೊಬ್ಬ ತಿಪ್ಪಣ್ಣನ ಹಿಂದೆಯೂ ಅವನಿಗಿಂತ ಮೊದಲು ಬಂದು ಹೋದ ಒಂದೋ ಎರಡೋ ಮಕ್ಕಳಿದ್ದವು. ಉಳಿದವನ ಹೆಸರಿನಲ್ಲಿ ಆ ಸಾವಿನ ಗುರುತು ಇದೆ. ಸತ್ತ ಮಕ್ಕಳ ಹೆಸರು ಮಾತ್ರ ಎಲ್ಲೂ ಇಲ್ಲ.

ಅವರನ್ನ ನಾನು ದೂರೋದಿಲ್ಲ. ಮರೆಯದೇ ಇದ್ದಿದ್ದರೆ ಬೆಳಗ್ಗೆ ಎದ್ದು ಒಲೆ ಹಚ್ಚೋದಕ್ಕೂ ಆಗ್ತಿರಲಿಲ್ಲವೇನೋ.

ಈಗ ಕಾಲ ಬದಲಾಗಿದೆ. 2020ರ ಸರ್ಕಾರಿ ಲೆಕ್ಕದ ಪ್ರಕಾರ ದೇಶದಲ್ಲಿ ಸಾವಿರಕ್ಕೆ 28, ಕರ್ನಾಟಕದಲ್ಲಿ ಸಾವಿರಕ್ಕೆ 19. ಲಸಿಕೆ, ಆಸ್ಪತ್ರೆ ಹೆರಿಗೆ, ಓಆರ್‌ಎಸ್ ಪುಡಿ, ಕುಡಿಯೋ ನೀರು, ಓದಿದ ತಾಯಂದಿರು... ಇವೆಲ್ಲ ಸೇರಿ ಮಾಡಿದ ದೊಡ್ಡ ಕೆಲಸ ಅದು. ನನ್ನಂಥವಳಿಗೂ ಅದು ಸಂತೋಷದ ವಿಷಯವೇ.

ಆದರೆ ಅದರ ಜೊತೆಗೆ ಬಂದ ಇನ್ನೊಂದನ್ನ ಯಾರೂ ಗಮನಿಸಿಲ್ಲ. ಅವತ್ತು ಒಂದು ಮಗು ಹೋದರೆ ಇಡೀ ಬೀದಿಗೆ ಆ ಸಂಕಟ ಗೊತ್ತಿತ್ತು. ಪಕ್ಕದ ಮನೆಯವಳೂ ಕಳೆದುಕೊಂಡಿದ್ದಳು, ಎದುರು ಮನೆಯವಳೂ ಕಳೆದುಕೊಂಡಿದ್ದಳು. ಮಾತಾಡದಿದ್ದರೂ ನಡೀತಿತ್ತು. ಇವತ್ತು ನಮ್ಮ ಅಪಾರ್ಟ್‌ಮೆಂಟಿನ ನಲವತ್ತು ಮನೆಗಳಲ್ಲಿ ಮಗು ಕಳೆದುಕೊಂಡವರು ನಾವು ಒಬ್ಬರೇ. ನಾನು ಲಿಫ್ಟಿನಲ್ಲಿ ಬಂದರೆ ಬೇರೆ ಅಮ್ಮಂದಿರ ಮಾತು ನಿಲ್ಲುತ್ತೆ. ಮಕ್ಕಳ ಪರೀಕ್ಷೆ ವಿಷಯ ಮಾತಾಡ್ತಿದ್ದವರು ಮಳೆ ವಿಷಯ ಮಾತಾಡ್ತಾರೆ. ಆದರೆ ನಮಗೆ ಕೊಡೋ ಸಲಹೆ ಮಾತ್ರ ಇನ್ನೂ ಹಳೇ ಕಾಲದ್ದೇ: ಮರೆತುಬಿಡಿ, ಫೋಟೋ ತೆಗೆದಿಡಿ, ಬಟ್ಟೆಗಳನ್ನ ಯಾರಿಗಾದರೂ ಕೊಟ್ಟುಬಿಡಿ, ಇನ್ನೊಂದು ಮಾಡ್ಕೊಳ್ಳಿ.

ಹನ್ನೊಂದು ಹೆತ್ತು ಐದು ಕಳೆದುಕೊಂಡವರ ಬೀದಿಯಲ್ಲಿ ಹುಟ್ಟಿದ ಸಲಹೆ ಅದು. ಈಗ ಅದನ್ನ ಪಾಲಿಸಿದರೆ ಅಪ್ಪ ಅಮ್ಮ ಒಂಟಿಯಾಗ್ತಾರೆ ಅಷ್ಟೇ.

ಇದನ್ನೆಲ್ಲ ನಾನು ಯೋಚಿಸೋದಕ್ಕೆ ಶುರು ಮಾಡಿದ್ದು ಚಾರ್ಲ್ಸ್ ಡಾರ್ವಿನ್ ಬಗ್ಗೆ ಓದಿದ ಮೇಲೆ. ಹೌದು, ಮಂಗನಿಂದ ಮಾನವ ಅಂತ ನಾವು ಸ್ಕೂಲಿನಲ್ಲಿ ಓದಿದ ಅದೇ ಗಡ್ಡದ ಡಾರ್ವಿನ್. ಅವನ ಮರಿಮೊಮ್ಮಗನ ಮಗ ರಾಂಡಲ್ ಕೇನ್ಸ್ ಅನ್ನುವವರು 2001ರಲ್ಲಿ 'ಆನೀಸ್ ಬಾಕ್ಸ್' ಅಂತ ಒಂದು ಪುಸ್ತಕ ಬರೆದಿದ್ದಾರೆ. ಆ ಕಥೆ ಇಟ್ಟುಕೊಂಡು 2009ರಲ್ಲಿ 'ಕ್ರಿಯೇಷನ್' ಅಂತ ಸಿನಿಮಾನೂ ಬಂತು.

ಡಾರ್ವಿನ್ ಮತ್ತು ಎಮ್ಮಾಗೆ ಒಟ್ಟು ಹತ್ತು ಮಕ್ಕಳು. ಎರಡನೆಯವಳು ಆನಿ, 1841ರ ಮಾರ್ಚ್ 2ರಂದು ಹುಟ್ಟಿದವಳು. ಹತ್ತನೇ ವರ್ಷದ ಹೊತ್ತಿಗೆ ಅವಳ ಆರೋಗ್ಯ ಕೆಟ್ಟಿತು. ಮಾಲ್ವರ್ನ್ ಅನ್ನೋ ಊರಿನಲ್ಲಿ ಡಾಕ್ಟರ್ ಗಲ್ಲಿ ಅನ್ನುವವನು ತಣ್ಣೀರಿನ ಚಿಕಿತ್ಸೆ ಕೊಡ್ತಿದ್ದ. ಸ್ವತಃ ಡಾರ್ವಿನ್‌ಗೆ ಅಲ್ಲಿ ಗುಣ ಕಂಡಿತ್ತು. ಹಾಗಾಗಿ 1851ರಲ್ಲಿ ಮಗಳನ್ನೂ ಅಲ್ಲಿಗೇ ಕಳಿಸಿದ. ಎಮ್ಮಾ ಆಗ ತುಂಬು ಗರ್ಭಿಣಿ, ಪ್ರಯಾಣ ಮಾಡೋ ಹಾಗಿರಲಿಲ್ಲ. ಮಗಳಿಗೆ ಜೋರಾದ ಮೇಲೆ ಅಪ್ಪ ಓಡಿಹೋಗಿ ಹಾಸಿಗೆ ಪಕ್ಕ ಕೂತ. ಅಮ್ಮ ದೂರದ ಊರಿನಲ್ಲಿ ಟಪಾಲಿಗೆ ಕಾಯ್ತಾ ಕೂತಳು.

ಆ ದಿನಗಳಲ್ಲಿ ಡಾರ್ವಿನ್ ಹೆಂಡತಿಗೆ ಬರೆದ ಕಾಗದಗಳು ಉಳಿದಿವೆ. ಓದಿದರೆ ಆಸ್ಪತ್ರೆಯಲ್ಲಿ ಕೂತ ಯಾವ ಅಪ್ಪನಾದರೂ ವಾಟ್ಸಾಪಿನಲ್ಲಿ ಕಳಿಸೋ ಸಂದೇಶದ ಹಾಗೇ ಇವೆ. ನಾಡಿ ಹೇಗಿದೆ, ಎಷ್ಟು ಸಲ ವಾಂತಿ ಆಯ್ತು, ಎಷ್ಟು ಚಮಚ ಗಂಜಿ ಒಳಗೆ ಹೋಯ್ತು, ಡಾಕ್ಟರ್ ಏನಂದರು. ಒಂದು ಗಂಟೆ ಆಸೆ, ಮುಂದಿನ ಗಂಟೆ ನಿರಾಸೆ. ಏಪ್ರಿಲ್ 23ರಂದು ಆನಿ ತೀರಿಕೊಂಡಳು. ಎಮ್ಮಾ ಸ್ಥಿತಿ ನೆನೆದು ಡಾರ್ವಿನ್ ಮಗಳ ಮಣ್ಣಿಗೂ ನಿಲ್ಲದೆ ಮನೆಗೆ ಹೊರಟ. ಮೂರು ವಾರಕ್ಕೆ ಇನ್ನೊಂದು ಮಗು ಹುಟ್ಟಿತು.

ಈಗ ಮುಖ್ಯ ವಿಷಯ. ಮಗಳು ಹೋದ ಒಂದು ವಾರಕ್ಕೆ, ಏಪ್ರಿಲ್ 30ರಂದು, ಡಾರ್ವಿನ್ ಕೂತು ಅವಳ ಬಗ್ಗೆ ಕೆಲವು ಪುಟ ಬರೆದ. ಅಚ್ಚು ಹಾಕಿಸೋಕೆ ಬರೆದದ್ದಲ್ಲ. ಮುಂದೆ ವಯಸ್ಸಾದ ಮೇಲೆ ಅವಳು ಹೇಗಿದ್ದಳು ಅನ್ನೋದು ಮಸುಕಾಗಬಾರದು, ಈಗಲೇ ಬರೆದಿಟ್ಟರೆ ಆಗ ಸ್ಪಷ್ಟವಾಗಿ ನೆನಪಾಗುತ್ತೆ ಅನ್ನೋದಷ್ಟೇ ಅವನ ಉದ್ದೇಶ.

ಆ ಪುಟಗಳಲ್ಲಿ ಏನಿದೆ ಗೊತ್ತಾ? ಮನೆ ಹಿಂದಿನ ಮರಳು ದಾರಿಯಲ್ಲಿ ಅಪ್ಪ ಬಿರುಸಾಗಿ ನಡೀತಿದ್ದರೆ ಮಗಳು ಮುಂದೆ ಮುಂದೆ ಓಡಿ, ಗಿರಗಿರ ಸುತ್ತುತ್ತಾ ಕುಣೀತಿದ್ದದ್ದು. ಅಪ್ಪನಿಗೆ ಅಂತ ಒಂದು ಚಿಟಿಕೆ ನಶ್ಯ ಕದ್ದು ಹಿಡಿದುಕೊಂಡು ಮಹಡಿ ಮೆಟ್ಟಿಲು ಇಳಿದು ಓಡಿ ಬರ್ತಿದ್ದದ್ದು. ಅರ್ಧ ಗಂಟೆ ಬೇಕಾದರೂ ಕೂತು ಅಪ್ಪನ ತಲೆಗೂದಲು ನೇರ್ಪು ಮಾಡ್ತಿದ್ದದ್ದು. ನಿಘಂಟಿನಲ್ಲಿ ಪದ ಹುಡುಕೋದು, ನಕ್ಷೆಯಲ್ಲಿ ಊರು ಹುಡುಕೋದು ಅವಳಿಗೆ ಆಟವಾಗಿತ್ತು ಅನ್ನೋದು. ಒಂದೇ ಪುಸ್ತಕದ ಎರಡು ಮುದ್ರಣ ಪಕ್ಕಪಕ್ಕ ಇಟ್ಟುಕೊಂಡು ಪದಕ್ಕೆ ಪದ ಹೋಲಿಸ್ತಿದ್ದಳಂತೆ.

ಕಾಯಿಲೆ ವಿಷಯವೂ ಬರುತ್ತೆ, ಬಹಳ ಚಿಕ್ಕದಾಗಿ. ಅಲ್ಲಿ ಕೂಡ ನಾಡಿ, ವಾಂತಿಯ ಲೆಕ್ಕವಿಲ್ಲ. ಮಾತಾಡೋಕೂ ಶಕ್ತಿ ಇಲ್ಲದಾಗ, ಕುಡಿಸಿದ ಒಂದು ಗುಟುಕು ನೀರಿಗೂ ಅವಳು ಥ್ಯಾಂಕ್ಸ್ ಹೇಳಿದ್ದು ಇದೆ. ಒಂದು ವಾರದ ಹಿಂದೆ ಗಂಟೆಗಂಟೆಗೂ ರೋಗದ ವರದಿ ಬರೆದಿದ್ದ ಅದೇ ಕೈ ಇದು. ಆ ಕಾಗದಗಳು ರೋಗದ ಹುಡುಗಿಯವು, ಈ ಪುಟಗಳು ಆನಿಯವು.

ಅವಳಿಗೆ ಏನಾಗಿತ್ತು ಅನ್ನೋದು ಡಾರ್ವಿನ್‌ಗೆ ಕಡೆಗೂ ಗೊತ್ತಾಗಲಿಲ್ಲ. ಬಹುಶಃ ಕ್ಷಯ ಅಂತ ಕೇನ್ಸ್ ವಾದಿಸ್ತಾರೆ. ಕ್ಷಯದ ರೋಗಾಣುವನ್ನ ರಾಬರ್ಟ್ ಕಾಖ್ ಜಗತ್ತಿಗೆ ತೋರಿಸಿದ್ದು 1882ರ ಮಾರ್ಚಿನಲ್ಲಿ. ಮುಂದಿನ ತಿಂಗಳೇ ಡಾರ್ವಿನ್ ತೀರಿಕೊಂಡ. ಅಂದರೆ "ಏನಾಗಿತ್ತು?" ಅನ್ನೋ ಪ್ರಶ್ನೆಗೆ ಅಷ್ಟು ದೊಡ್ಡ ವಿಜ್ಞಾನಿಯ ಹತ್ತಿರವೂ ಉತ್ತರ ಇರಲಿಲ್ಲ. "ಹೇಗಿದ್ದಳು?" ಅಂದರೆ ಪುಟಗಟ್ಟಲೆ ಇತ್ತು.

ನನಗೆ ತುಂಬಾ ತಟ್ಟಿದ್ದು ಇನ್ನೊಂದು ಸಂಗತಿ. 1876ರಲ್ಲಿ, ಮಗಳು ಹೋಗಿ 25 ವರ್ಷ ಆದಮೇಲೆ, ಡಾರ್ವಿನ್ ಮಕ್ಕಳಿಗೋಸ್ಕರ ತನ್ನ ಆತ್ಮಕಥೆ ಬರೆದ. ಅದರಲ್ಲಿ ಆನಿಯ ಸಾವನ್ನ ಹೇಳ್ತಾ ತಾರೀಖು ಏಪ್ರಿಲ್ 24 ಅಂತ ಬರೆದಿದ್ದಾನೆ. ಒಂದು ದಿನ ತಪ್ಪಿದೆ. ಆದರೆ ಅವಳ ಮುದ್ದು ನಡವಳಿಕೆ ನೆನೆದರೆ ಈಗಲೂ ಒಮ್ಮೊಮ್ಮೆ ಕಣ್ಣಲ್ಲಿ ನೀರು ಬರುತ್ತೆ ಅಂತ ಅಲ್ಲೇ ಬರೆದಿದ್ದಾನೆ. ಸತ್ತ ದಿನ ಹೆಚ್ಚುಕಡಿಮೆಯಾಗಿದೆ, ಹುಡುಗಿ ಹಾಗೇ ಇದ್ದಾಳೆ. ತಿಥಿ ಮರೆತರೆ ಮಹಾಪಾಪ ಅನ್ನೋ ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನನಗೆ ಮಾತ್ರ ಸಮಾಧಾನ ಆಯ್ತು.

1858ರ ಜೂನ್ 28ರಂದು ಅವನ ಕೊನೇ ಮಗು ಸ್ಕಾರ್ಲೆಟ್ ಜ್ವರದಿಂದ ಹೋಯಿತು. ಒಂದೂವರೆ ವರ್ಷದ್ದು. ಅದರ ಮೂರನೇ ದಿನ, ಜುಲೈ 1ರಂದು, ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ವಿಕಾಸವಾದದ ಬಗ್ಗೆ ಡಾರ್ವಿನ್ ಮತ್ತು ವಾಲೇಸ್ ಬರೆದದ್ದನ್ನ ಮೊದಲ ಸಲ ಓದಿದರು. ಡಾರ್ವಿನ್ ಅಲ್ಲಿರಲಿಲ್ಲ. ಆ ಮಗು ನಡಿಗೆ, ಮಾತು ಎರಡರಲ್ಲೂ ಹಿಂದಿತ್ತು. ನಮ್ಮಲ್ಲಾದರೆ "ಹೋಗಿದ್ದೇ ಒಳ್ಳೇದಾಯ್ತು ಬಿಡಿ" ಅಂದುಬಿಡೋರು. ಆ ಅಪ್ಪ ಅದರ ಬಗ್ಗೆಯೂ ಕೂತು ಬರೆದ. ಎಷ್ಟು ನೆಮ್ಮದಿಯ, ಖುಷಿಯ ಮಗು ಅದು ಅಂತ.

ಅವನೇನೂ ಎಲ್ಲರೆದುರು ಅಳ್ತಾ ಕೂತವನಲ್ಲ. ಅಪ್ಪ ಆನಿ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದೇ ನನಗೆ ಗೊತ್ತಿಲ್ಲ ಅನ್ನೋ ಅರ್ಥದಲ್ಲಿ ಇನ್ನೊಬ್ಬ ಮಗಳು ಹೆನ್ರಿಯೆಟಾ ಮುಂದೆ ಬರೆದಿದ್ದಾಳೆ. ಅಮ್ಮ ಎಮ್ಮಾ, ಆನಿಯ ಬರವಣಿಗೆ ಪೆಟ್ಟಿಗೆಯನ್ನ ಹಾಗೇ ಜೋಪಾನ ಮಾಡಿದ್ದಳು. ಅದರೊಳಗೆ ಗರಿಯ ಲೇಖನಿ, ಅರ್ಧ ಮಾಡಿದ ಕಸೂತಿ, ಒಂದು ಎಳೆ ಕೂದಲು. ಕೇನ್ಸ್ ಕೈಗೆ ಸಿಕ್ಕಿದ ಪೆಟ್ಟಿಗೆ ಅದೇ.

ಆದರೂ ಹತ್ತಿರದ ಸ್ನೇಹಿತರಿಗೆ ಅವನ ದುಃಖ ಗೊತ್ತಿತ್ತು. 1863ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹುಕರ್‌ನ ಆರು ವರ್ಷದ ಮಗಳು ತೀರಿಕೊಂಡಾಗ, ಅವಳು ಹೋದ ಒಂದು ಗಂಟೆಯೊಳಗೆ ಹುಕರ್ ಕಾಗದ ಬರೆದದ್ದು ಡಾರ್ವಿನ್‌ಗೆ. ಈ ಹೊತ್ತಿನಲ್ಲಿ ಬೇರೆ ಎಲ್ಲ ಗೆಳೆಯರಿಗಿಂತ ನೀನೇ ಹೆಚ್ಚು ನೆನಪಾಗ್ತಿದ್ದೀಯ ಅಂತ. ಏನಾಯ್ತು ಅಂತ ತಿಳಿಯೋಕೆ ಬರೋ ನೂರು ಜನಕ್ಕಿಂತ ಇಂಥ ಒಬ್ಬ ಸ್ನೇಹಿತ ಇದ್ದರೆ ಸಾಕು.

ನಮ್ಮಲ್ಲಿ ಇಂಥ ಬರವಣಿಗೆ ಇಲ್ಲವಾ ಅಂತ ಕೇಳಬಹುದು. ಬೇಂದ್ರೆಯವರು ಮೇಲಿಂದ ಮೇಲೆ ಮಕ್ಕಳನ್ನ ಕಳೆದುಕೊಂಡವರು. ಮಗು ಹೋದಾಗ ಹೆಂಡತಿಯ ನೋಟ ಎದುರಿಸಲಾಗದ ಗಂಡನ ಮಾತಾಗಿ ಅವರು ಬರೆದ ಕವಿತೆ ಗೊತ್ತಿಲ್ಲದ ಕನ್ನಡಿಗರಿಲ್ಲ. ನಾನೂ ನಮ್ಮವರೂ ಅದನ್ನ ಕೇಳೋಕಾಗದೆ ಎಷ್ಟೋ ಸಲ ರೇಡಿಯೋ ಆರಿಸಿದ್ದೀವಿ, ಅಷ್ಟು ನಿಜ ಅದು. ಆದರೆ ಗಮನಿಸಿ, ಅದು ಗಂಡ ಹೆಂಡತಿಯ ಕವಿತೆ. ಹೆತ್ತವರ ದುಃಖ ಏನು ಅಂತ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ಆ ಮಗು ಹೇಗೆ ನಗ್ತಿತ್ತು ಅನ್ನೋದನ್ನ ಕವಿತೆಯಲ್ಲಿ ಹುಡುಕಬಾರದು, ಅದು ಕವಿತೆಯ ಕೆಲಸವೂ ಅಲ್ಲ. ಅದು ನಮ್ಮ ನಿಮ್ಮಂಥವರು ಸಾದಾ ಗದ್ಯದಲ್ಲಿ ಮಾಡಬೇಕಾದ ಕೆಲಸ. ಅದಕ್ಕೇ ಬರೆಯೋರಿಗೆ ಹೇಳ್ತಿದ್ದೀನಿ ಅಂದಿದ್ದು. ಕವಿಯಾಗಬೇಕಿಲ್ಲ. ಬ್ಲಾಗು ಬರೆಯೋಷ್ಟು ಕನ್ನಡ ಸಾಕು.

ಇದಕ್ಕೆ ನಮ್ಮವರೇ ಒಂದು ಆಕ್ಷೇಪ ಎತ್ತಿದ್ದರು. "ಕೆದಕಿದಷ್ಟೂ ನೋವು ಜಾಸ್ತಿ ಕಣೇ" ಅಂತ. ಅದೂ ನಿಜ. ಹಿಂದೆ ಮನಶ್ಶಾಸ್ತ್ರದವರೂ ಹಾಗೇ ಹೇಳ್ತಿದ್ದರು. ಹೋದವರ ಮೇಲಿನ ಪ್ರೀತಿಯ ಗಂಟನ್ನ ಒಂದೊಂದಾಗಿ ಬಿಚ್ಚಿಕೊಳ್ಳೋದೇ ದುಃಖದ ಕೆಲಸ ಅಂತ 1917ರಲ್ಲಿ ಫ್ರಾಯ್ಡ್ ಬರೆದಿದ್ದ. ಆದರೆ 1920ರಲ್ಲಿ ಅವನ ಸ್ವಂತ ಮಗಳು ಸೋಫಿ ಫ್ಲೂ ಜ್ವರದಿಂದ ಹೋದಳು. 1929ರಲ್ಲಿ, ಮಗನನ್ನ ಕಳೆದುಕೊಂಡ ಸ್ನೇಹಿತ ಬಿನ್ಸ್‌ವಾಂಗರ್‌ಗೆ ಬರೆದ ಕಾಗದದಲ್ಲಿ ಅದೇ ಫ್ರಾಯ್ಡ್ ಬೇರೆ ಮಾತು ಹೇಳ್ತಾನೆ. ಆ ಜಾಗ ತುಂಬೋದಿಲ್ಲ, ಏನು ತುಂಬಿದರೂ ಅದು ಬೇರೆಯದ್ದೇ ಆಗಿರುತ್ತೆ, ಹಾಗಿರೋದೇ ಸರಿ ಅಂತ. 1996ರಲ್ಲಿ ಅಮೆರಿಕದ ಕ್ಲಾಸ್, ಸಿಲ್ವರ್‌ಮನ್, ನಿಕ್‌ಮನ್ ಅನ್ನೋ ಮೂವರು 'ಕಂಟಿನ್ಯೂಯಿಂಗ್ ಬಾಂಡ್ಸ್' ಅನ್ನೋ ಪುಸ್ತಕ ತಂದರು. ಹೋದವರ ಜೊತೆ ಒಂದು ನಂಟು ಇಟ್ಟುಕೊಂಡೇ ಬದುಕೋದು ರೋಗ ಅಲ್ಲ, ಅದು ಸಹಜ ಅನ್ನೋದು ಅವರ ವಾದ. ವರ್ಷವರ್ಷ ಪಿತೃಪಕ್ಷದಲ್ಲಿ ತಾತಂದಿರಿಗೆ ಎಡೆ ಇಡೋ ನಮಗೆ ಅದು ಹೊಸ ವಿಷಯ ಅಲ್ಲವೇ ಅಲ್ಲ. ತಾತನಿಗೆ ಇಟ್ಟುಕೊಂಡ ನಂಟನ್ನ ಮಗುವಿಗೆ ಯಾಕೆ ಬೇಡ ಅಂತೀವಿ ಅನ್ನೋದೇ ನನ್ನ ಪ್ರಶ್ನೆ.

ಕೆದಕೋದು ಬೇರೆ, ನೆನೆಯೋದು ಬೇರೆ. ನಮ್ಮ ಮನೆ ಬೀರುವಿನಲ್ಲಿ ಒಂದು ದಪ್ಪ ಫೈಲಿದೆ. ರಕ್ತದ ರಿಪೋರ್ಟು, ಸ್ಕ್ಯಾನು, ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಕೊನೆಗೆ ಮರಣ ಪ್ರಮಾಣಪತ್ರ. ಎರಡು ಕೆಜಿ ತೂಗಬಹುದು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ ಕಾಗದವೂ ಅದರಲ್ಲೇ ಇದೆ. ಹದಿನಾಲ್ಕು ತಿಂಗಳ ಕಾಯಿಲೆಗೆ ಎರಡು ಕೆಜಿ ದಾಖಲೆ. ಅದಕ್ಕೂ ಮುಂಚಿನ ಏಳು ವರ್ಷಕ್ಕೆ ಹುಟ್ಟಿದ ಪತ್ರ, ಲಸಿಕೆ ಕಾರ್ಡು, ಎರಡು ಮಾರ್ಕ್ಸ್ ಕಾರ್ಡು. ಐವತ್ತು ವರ್ಷ ಆದಮೇಲೆ ಯಾರಾದರೂ ಆ ಬೀರು ತೆಗೆದರೆ ನಮ್ಮ ಮನೆಯಲ್ಲಿ ಒಬ್ಬಳು ರೋಗಿ ಇದ್ದಳು ಅಂದುಕೊಳ್ತಾರೆ. ಅದು ಸುಳ್ಳು. ನಮ್ಮ ಮನೆಯಲ್ಲಿ ಇದ್ದಿದ್ದು ಒಂದು ತರಲೆ ಹುಡುಗಿ.

ಹಾಗಾಗಿ ಮೂರು ವರ್ಷದ ಹಿಂದೆ ಒಂದು ನೂರು ಪುಟದ ನೋಟ್‌ಬುಕ್ ತಂದೆ. ನೆನಪಾದ ಹಾಗೆ ಬರೀತೀನಿ. ಒಂದಿಷ್ಟನ್ನ ಇಲ್ಲಿ ಹಾಕ್ತೀನಿ. ಮನೆಯಲ್ಲಿ ಪುಟ್ಟಿ ಅಂತ ಕರೀತಿದ್ವಿ, ಇಲ್ಲೂ ಹಾಗೇ ಕರೀತೀನಿ. ಸ್ಕೂಲಿನ ಹೆಸರು ಮನೆಯವರಿಗೆ, ಅವಳ ಗೆಳತಿಯರಿಗೆ ಇರಲಿ.

ಓದೋಕೆ ಕಲಿತ ಹೊಸದರಲ್ಲಿ ಪುಟ್ಟಿ ಬಸ್ಸಿನ ಕಿಟಕಿಯಲ್ಲಿ ಕೂತು ಅಂಗಡಿ ಬೋರ್ಡುಗಳನ್ನ ಜೋರಾಗಿ ಓದ್ತಿದ್ದಳು. ಎಲ್ಲ ಬೋರ್ಡಿನಲ್ಲೂ ಮೊದಲು 'ಶ್ರೀ' ಇರೋದು ನೋಡಿ, ಹಾಗೇ ಬರೆಯಬೇಕು ಅಂತ ತಿಳ್ಕೊಂಡಳು. ತರಕಾರಿ ಚೀಟಿ ಬರೆಯೋಕೆ ಕೊಟ್ಟರೆ ಶ್ರೀ ಟೊಮ್ಯಾಟೊ, ಶ್ರೀ ಬೀನ್ಸ್, ಶ್ರೀ ಹಸಿಮೆಣಸಿನಕಾಯಿ. ತರಕಾರಿ ಗಾಡಿಯವರು ಆಮೇಲೆ ಎಷ್ಟೋ ದಿನ ನನ್ನನ್ನ "ಶ್ರೀ ಬದನೆಕಾಯಿ ಬೇಕಾ ಅಕ್ಕಾ?" ಅಂತ ಕೇಳ್ತಿದ್ದರು.

ಮನೆಗೆ ನೆಂಟರು ಬಂದು ಕೂತ ಐದು ನಿಮಿಷಕ್ಕೆ "ನೀವು ಯಾವಾಗ ಹೋಗ್ತೀರಾ?" ಅಂತ ಕೇಳೋಳು. ನಮಗೆ ಭೂಮಿ ಬಾಯಿಬಿಡಬಾರದೇ ಅನ್ನಿಸ್ತಿತ್ತು. ಕಾರಣ ಏನಪ್ಪಾ ಅಂದರೆ, ಅವರು ಹೋದಮೇಲೆ ತಟ್ಟೆಯಲ್ಲಿ ಉಳಿದ ಬಿಸ್ಕತ್ತು ಅವಳಿಗೆ ಅಂತ ಅವಳೇ ಮಾಡಿಕೊಂಡ ಕಾನೂನು.

ಅಜ್ಜಿ ಜೊತೆ ಚೌಕಾಬಾರ ಆಡುವಾಗ ಕವಡೆ ಬಿದ್ದ ತಕ್ಷಣ "ಇರಿ ಅಜ್ಜಿ, ಇರುವೆ" ಅಂತ ಒಂದು ಕವಡೆ ಮಗುಚಿಬಿಡೋಳು. ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಸೋಲ್ತಿದ್ದರು. ಈಗ ಮೊಮ್ಮಗನ ಜೊತೆ ಆಡುವಾಗ ಅವನು ನ್ಯಾಯವಾಗಿ ಆಡಿದರೆ "ನಿಮ್ಮಕ್ಕನಷ್ಟು ಚುರುಕಿಲ್ಲ ನೀನು" ಅಂತಾರೆ.

ನಮ್ಮನೆ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಅಜ್ಜಿ ಹೆಸರೋ ತಾತನ ಹೆಸರೋ ಹಾಕಿಸಿದೆ. ನನ್ನ ಹೆಸರು ಯಾಕಿಲ್ಲ ಅಂತ ಒಂದು ದಿನ ಜಗಳ ತೆಗೆದಳು. ಮಾರನೇ ದಿನ ನೋಡಿದರೆ ಪಕ್ಕದ ಮನೆ ಹುಡುಗನ ಕೈವಾರ ತಂದು ಆರು ಲೋಟಗಳ ತಳದಲ್ಲಿ ಹೆಸರು ಕೆತ್ತಿದ್ದಾಳೆ. ಒಂದರಲ್ಲಿ ಒತ್ತಕ್ಷರ ಮರೆತಿದ್ದಾಳೆ. ಬೈದೆ, ಸರಿಯಾಗೇ ಬೈದೆ. ಹೊಸ ಲೋಟ ಹಾಳು ಮಾಡಿದರೆ ಬೈಯದೆ ಇರ್ತಾರಾ? ಈಗಲೂ ಆ ಲೋಟದಲ್ಲೇ ಕಾಫಿ ಕುಡೀತೀವಿ. ದೇವರ ಮನೆಯಲ್ಲಿ ಇಟ್ಟಿಲ್ಲ.

ಹಲ್ಲುಜ್ಜದೆ ಉಜ್ಜಿದ್ದೀನಿ ಅಂತ ಸುಳ್ಳು ಹೇಳೋಳು. ತಮ್ಮನನ್ನ ಗಿಲ್ಲಿ ಅವನು ಅತ್ತರೆ ಅವಳೇ ಮೊದಲು ಓಡಿಬಂದು "ಅಮ್ಮಾ, ಪಾಪು ಯಾಕೋ ಅಳ್ತಿದೆ" ಅನ್ನೋಳು. ಪಾಯಸದಲ್ಲಿನ ಗೋಡಂಬಿಗಳನ್ನೆಲ್ಲ ತಟ್ಟೆ ಅಂಚಿಗೆ ಸಾಲಾಗಿ ಜೋಡಿಸಿ ಕೊನೆಗೆ ತಿನ್ನೋಳು. ಅಷ್ಟರೊಳಗೆ ಅವರಪ್ಪ ಒಂದನ್ನ ಕದ್ದರೆ ಎಣಿಸಿ ಕಂಡುಹಿಡಿಯೋಳು.

ಇವನ್ನೆಲ್ಲ ಬರೀತೀನಿ, ತಂಟೆಯನ್ನೂ ಸುಳ್ಳನ್ನೂ. ಹೋದ ಮಕ್ಕಳನ್ನೆಲ್ಲ ನಾವು ದೇವತೆ ಮಾಡಿಬಿಡ್ತೀವಿ. "ದೇವರಂಥ ಮಗು, ಅದಕ್ಕೇ ದೇವರು ಬೇಗ ಕರೆಸಿಕೊಂಡ" ಅಂತಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತೆ. ದೇವರಂಥ ಮಗುವಾಗಿದ್ದರೆ ಕವಡೆ ಮಗುಚುತ್ತಿತ್ತಾ? ದೇವತೆ ಮಾಡಿದ ತಕ್ಷಣ ಆ ಮಗು ಎಲ್ಲರ ಮಗುವಿನ ಹಾಗೆ ಆಗಿಬಿಡುತ್ತೆ, ನಮ್ಮದಾಗಿ ಉಳಿಯೋದಿಲ್ಲ.

ಈ ನೋಟ್‌ಬುಕ್ಕಿನಿಂದ ಆದ ಉಪಯೋಗ ಏನು ಅಂತ ಕೇಳಿದರೆ, ದುಃಖ ಕಡಿಮೆಯಾಗಿಲ್ಲ. ಆದರೆ ಮಗನಿಗೆ ಅಕ್ಕ ಸಿಕ್ಕಿದ್ದಾಳೆ. ಅವಳು ಹೋದಾಗ ಅವನಿಗೆ ಮೂರು ವರ್ಷ. ಈಗ ಹತ್ತು. ಅವನಿಗೆ ನೆನಪಿದ್ದಿದ್ದು ಆಸ್ಪತ್ರೆಯ ವಾಸನೆ ಮತ್ತು ಮನೆ ತುಂಬ ಅಳೋ ಜನ, ಅಷ್ಟೇ. ಈಗ ಅವನಿಗೆ ಶ್ರೀ ಟೊಮ್ಯಾಟೊ ಗೊತ್ತು. ಅಕ್ಕನಿಗಿಂತ ನಾನೀಗ ದೊಡ್ಡವನಾದೆ ಅಂತ ಮೊನ್ನೆ ಹೇಳಿದ. ಅವಳಿಗೆ ಆಗ ಎಂಟು ವರ್ಷ ತಾನೇ, ಅಂದ. ಏನು ಹೇಳಬೇಕು ಗೊತ್ತಾಗಲಿಲ್ಲ, ಹೌದು ಅಂದೆ.

ಇನ್ನೊಂದು ಪ್ರಶ್ನೆ ಉಂಟು. ಹೊಸದಾಗಿ ಪರಿಚಯ ಆದವರು "ನಿಮಗೆ ಎಷ್ಟು ಮಕ್ಕಳು?" ಅಂತಾರೆ. ಒಂದು ಅಂದರೆ ಅವಳಿಗೆ ದ್ರೋಹ. ಎರಡು ಅಂದರೆ "ದೊಡ್ಡವರು ಏನು ಓದ್ತಿದ್ದಾರೆ?" ಅಂತ ಮುಂದಿನ ಪ್ರಶ್ನೆ. ನಾನು ಎರಡು ಅಂತಲೇ ಹೇಳ್ತೀನಿ. "ದೊಡ್ಡವಳು ಎಂಟು ವರ್ಷಕ್ಕೆ ಹೋದಳು, ಮಹಾ ತರಲೆ" ಅಂತ ಸೇರಿಸ್ತೀನಿ. ಆ 'ಮಹಾ ತರಲೆ' ಕೇಳಿದ ಮೇಲೆ ಬಹಳ ಜನಕ್ಕೆ ಕಾಯಿಲೆ ಕೇಳೋದು ಮರೆತುಹೋಗುತ್ತೆ. "ಏನು ಮಾಡ್ತಿದ್ದಳು?" ಅಂತಾರೆ. ಪರೀಕ್ಷೆ ಮಾಡಿ ನೋಡಿದ ಉಪಾಯ ಇದು. ನನ್ನಂಥವರು ಯಾರಾದರೂ ಓದ್ತಿದ್ದರೆ ಬೇಕಾದರೆ ಉಪಯೋಗಿಸಿ.

ಉಳಿದವರಿಗೆ ನನ್ನ ಕೋರಿಕೆ ಸಣ್ಣದು. ಮಗು ಕಳೆದುಕೊಂಡವರ ಮನೆಗೆ ಹೋದರೆ ಸಮಾಧಾನ ಹೇಳಬೇಕು ಅಂತ ಒದ್ದಾಡಬೇಡಿ. ಸಮಾಧಾನ ನಿಮ್ಮ ಹತ್ತಿರ ಇರೋದಿಲ್ಲ, ಅವರಿಗೂ ಅದು ಗೊತ್ತು. ಮಗುವಿನ ಹೆಸರು ಹಿಡಿದು ಮಾತಾಡಿ. ನಿಮಗೆ ಆ ಮಗು ಗೊತ್ತಿದ್ದರೆ ನೀವು ನೋಡಿದ ಒಂದು ಸಂಗತಿ ಹೇಳಿ, ಎಷ್ಟು ಸಣ್ಣದಾದರೂ ಪರವಾಗಿಲ್ಲ. ನನ್ನ ಮಗಳ ಸ್ಕೂಲಿನ ಆಟೋದವರು ಒಂದು ಸಲ ರಸ್ತೆಯಲ್ಲಿ ಸಿಕ್ಕಿ, "ನಿಮ್ಮ ಮಗಳು ದಿನಾ ಹಾರ್ನ್ ನಾನೇ ಹೊಡೀತೀನಿ ಅಂತ ಹಟ ಮಾಡೋಳು ಮೇಡಂ" ಅಂದರು. ಅದು ನನಗೆ ಗೊತ್ತಿರಲಿಲ್ಲ. ಹೋಗಿ ಐದು ವರ್ಷ ಆಗಿದ್ದ ಮಗಳ ಬಗ್ಗೆ ಒಂದು ಹೊಸ ವಿಷಯ ಸಿಕ್ಕಿದ್ದು! ಅವತ್ತು ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಇಂಥದ್ದನ್ನ ಅಪ್ಪ ಅಮ್ಮಂದಿರಿಗೆ ಕೊಡೋಕೆ ಆಗೋದು ಬೇರೆಯವರಿಗೆ ಮಾತ್ರ. "ಹೇಳಿದರೆ ಅಳ್ತಾರೇನೋ" ಅಂತ ಹೆದರಬೇಡಿ. 'ನೆನಪಿಸಿಬಿಟ್ಟೆವು' ಅಂತ ಬೇಜಾರಾಗಬೇಡಿ. ನಾವು ಮರೆತಿದ್ದರೆ ತಾನೇ ನೀವು ನೆನಪಿಸೋದು?

ಬರೆಯೋ ಗೆಳೆಯರಿಗೆ ಇನ್ನೂ ಒಂದು ಕೆಲಸ. ನಿಮ್ಮ ಮನೆಯಲ್ಲೂ ಹೆಸರಿಲ್ಲದೆ ಹೋದ ಒಂದು ಮಗು ಇದ್ದೇ ಇರುತ್ತೆ. ಅಮ್ಮನ ಅಣ್ಣನೋ, ಅಜ್ಜಿಯ ತಂಗಿಯೋ. ಅದನ್ನ ನೋಡಿದವರು ಒಬ್ಬರೋ ಇಬ್ಬರೋ ಉಳಿದಿರ್ತಾರೆ. ಈ ಸಲ ಊರಿಗೆ ಹೋದಾಗ ಕೇಳಿ. ಯಾವ ಜ್ವರ ಬಂದಿತ್ತು ಅಂತ ಕೇಳಬೇಡಿ, ಅದನ್ನ ಅವರಾಗಿಯೇ ಹೇಳ್ತಾರೆ. ಹೆಸರೇನು, ಏನು ತಿನ್ನೋಕೆ ಇಷ್ಟ ಪಡ್ತಿತ್ತು, ಯಾರನ್ನ ಕಂಡರೆ ಓಡಿಬರ್ತಿತ್ತು ಅಂತ ಕೇಳಿ. ಹತ್ತು ಸಾಲು ಸಿಕ್ಕರೂ ಬರೆದಿಡಿ. ನಾನು ಅತ್ತೆಯ ಹತ್ತಿರ ಮತ್ತೆ ಕೂತು ಕೇಳಿದೆ. ಹೋದ ಐವರಲ್ಲಿ ಒಬ್ಬಳು ನಾಲ್ಕು ವರ್ಷದವಳಂತೆ. ಹೆಸರು ಈಗಲೂ ನೆನಪಾಗಲಿಲ್ಲ. ಆದರೆ ಹಿತ್ತಲ ಕನಕಾಂಬರವನ್ನೆಲ್ಲ ಕಿತ್ತು ಕರುವಿನ ಕಿವಿಗೆ ಸಿಕ್ಕಿಸ್ತಿದ್ದಳಂತೆ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೀನಿ.